ಅಂಗಳದ ಕೋಳಿಯ ಬಾಲದಿಂದಲೇ ವಿಕಾಸ ಕಲಿಸಿ

ಶಾಲೆಯಲ್ಲಿ ವಿಕಾಸದ ಪಾಠ ಅಂದರೆ ಜಿರಾಫೆಯ ಕುತ್ತಿಗೆ. ಅದು ಮುಗಿದರೆ ಗಲಾಪಗೋಸ್ ದ್ವೀಪಗಳ ಫಿಂಚ್ ಹಕ್ಕಿಯ ಕೊಕ್ಕು. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ, ಪೆರ್ಲದ, ಮುಳ್ಳೇರಿಯದ ಮಕ್ಕಳಿಗೆ ಎರಡೂ ಪುಸ್ತಕದ ಚಿತ್ರಗಳು ಅಷ್ಟೇ. ಅದೇ ಮಕ್ಕಳ ಮನೆಯ ಅಂಗಳದಲ್ಲಿ ಕೋಳಿ ಕೆದಕುತ್ತಾ ಇರುತ್ತದೆ. ವಿಕಾಸ ಕಲಿಸಲು ಅದರ ಬಾಲ ಸಾಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗ ತೆಗೆದಿದ್ದಕ್ಕೆ 2023ರಲ್ಲಿ ದೊಡ್ಡ ಚರ್ಚೆಯೇ ಆಯಿತು. ಕೇರಳದ ನಮ್ಮ ಮಕ್ಕಳು ಈ ಪಾಠವನ್ನು ಕನ್ನಡದಲ್ಲೇ ಓದುತ್ತಾರೆ. ಸಂತೋಷ. ಆದರೆ ಪಾಠ ಪುಸ್ತಕದಲ್ಲಿ ಇದ್ದರೆ ಸಾಲದು, ತಲೆಗೆ ಇಳಿಯಬೇಕು ಅಲ್ವಾ?

ಕುಂಬಳೆ ಹತ್ತಿರದ ಅನಂತಪುರದ ಕೆರೆಯಲ್ಲಿ ಬಬಿಯಾ ಇತ್ತಲ್ಲ, 2022ರಲ್ಲಿ ತೀರಿಕೊಂಡ ಮೊಸಳೆ, ಅದನ್ನು ನೆನಪಿಸಿಕೊಳ್ಳಿ. ಇವತ್ತು ಬದುಕಿರುವ ಪ್ರಾಣಿಗಳಲ್ಲಿ ಹಕ್ಕಿಗಳಿಗೆ ಎಲ್ಲಕ್ಕಿಂತ ಹತ್ತಿರದ ನೆಂಟರು ಮೊಸಳೆಗಳೇ. ಮೊಸಳೆಯ ಬಾಲದ ಬುಡ ಅಷ್ಟು ದಪ್ಪ ಇರುವುದು ಸುಮ್ನೆ ಅಲ್ಲ. ಅಲ್ಲಿಂದ ಒಂದು ದೊಡ್ಡ ಸ್ನಾಯು ತೊಡೆಯ ಮೂಳೆಗೆ ಹೋಗುತ್ತದೆ. ನಡೆಯುವಾಗ ಕಾಲನ್ನು ಹಿಂದಕ್ಕೆ ಎಳೆಯುವುದು ಅದೇ. ಹಕ್ಕಿಗಳ ಪೂರ್ವಜರಾದ ಡೈನೋಸಾರ್‌ಗಳಿಗೂ ಇದೇ ಏರ್ಪಾಡು ಇತ್ತು. ಬಾಲ ಆಗ ಕಾಲಿನ ಜೊತೆಗಾರ. ಹಕ್ಕಿಗಳಲ್ಲಿ ಈ ಸ್ನಾಯು ತೀರಾ ಸಣ್ಣದಾಯಿತು. ಬಾಲ ಕಾಲನ್ನು ಬಿಟ್ಟು ರೆಕ್ಕೆಯ ಜೊತೆ ಸೇರಿತು. ಹಾರುವಾಗ ತಿರುಗಲು, ಇಳಿಯುವಾಗ ವೇಗ ತಗ್ಗಿಸಲು ನೆರವಾಯಿತು.

ಇದಕ್ಕೆ ಕಲ್ಲಿನಲ್ಲೇ ಸಾಕ್ಷಿ ಇದೆ. 1861ರಲ್ಲಿ ಜರ್ಮನಿಯ ಸೋಲ್ನ್‌ಹೋಫೆನ್‌ನ ಸುಣ್ಣಕಲ್ಲಿನಲ್ಲಿ ಆರ್ಕಿಯಾಪ್ಟೆರಿಕ್ಸ್ ಎಂಬ ಆದಿಕಾಲದ ಹಕ್ಕಿಯ ಪಳೆಯುಳಿಕೆ ಸಿಕ್ಕಿತು. ಸುಮಾರು 15 ಕೋಟಿ ವರ್ಷ ಹಳೆಯದು. ಮೈತುಂಬ ಗರಿ, ಆದರೆ ಬಾಲ ಮಾತ್ರ ಇಪ್ಪತ್ತಕ್ಕೂ ಜಾಸ್ತಿ ಮೂಳೆಮಣಿಗಳ ಉದ್ದನೆಯ ಸಾಲು. ಮುಂದೆ ಸುಮಾರು 12 ಕೋಟಿ ವರ್ಷ ಹಿಂದಿನ ಚೀನಾಕ್ಕೆ ಬನ್ನಿ. ಅಲ್ಲಿನ ಲಿಯಾವೋನಿಂಗ್‌ನ ಕಲ್ಲುಗಳಲ್ಲಿ ಉದ್ದ ಮೂಳೆಬಾಲದ ಜೆಹೋಲಾರ್ನಿಸ್ ಎಂಬ ಹಕ್ಕಿ ಇದೆ, ಬಾಲದ ಮಣಿಗಳೆಲ್ಲ ಕುಗ್ಗಿ ತುದಿ ಒಂದೇ ಮೂಳೆಯಾಗಿ ಬೆಸೆದುಕೊಂಡ ಕನ್‌ಫ್ಯೂಷಿಯಸಾರ್ನಿಸ್ ಕೂಡ ಇದೆ. ಈ ಬೆಸೆದ ಮೂಳೆಗೆ ಪೈಗೋಸ್ಟೈಲ್ ಎಂದು ಹೆಸರು. ಕೋಳಿ ಸುಕ್ಕ ಮಾಡುವ ಮನೆಯವರಿಗೆಲ್ಲ ಇದು ಗೊತ್ತಿರುವ ವಸ್ತುವೇ. ಬಾಲದ ಬುಡದ ಕೊಬ್ಬಿನ ತುಂಡಿನ ಒಳಗೆ ಇರುವ ಚಪ್ಪಟೆ ಮೂಳೆ. ದೊಡ್ಡ ಗರಿಗಳ ಬುಡ ಅದರ ಸುತ್ತಲೂ ನೆಟ್ಟಿರುತ್ತದೆ. ಬೀಸಣಿಗೆಯಂತೆ ಗರಿ ಬಿಚ್ಚಿ ಮುಚ್ಚುವ ಸ್ನಾಯುವೂ ಅಲ್ಲೇ.

ಇನ್ನು ಮೊಟ್ಟೆಯೊಳಗೆ ನಡೆಯುವುದು. ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಇದರಲ್ಲೇ. ಕಾವಿಗೆ ಕೂರಿಸಿದ ಮೊಟ್ಟೆಯಲ್ಲಿ ಮೊದಲ ದಿನ ಮುಗಿಯುವ ಹೊತ್ತಿಗೆ ಭ್ರೂಣದ ಬೆನ್ನುದ್ದಕ್ಕೆ ಸಣ್ಣ ತುಣುಕುಗಳು ಮೂಡತೊಡಗುತ್ತವೆ. ಮೊದಲು ಕುತ್ತಿಗೆಯ ಕಡೆ, ಕೊನೆಗೆ ಬಾಲದ ಕಡೆ. ಸರಿಸುಮಾರು ಒಂದೂವರೆ ಗಂಟೆಗೆ ಒಂದು ಜೊತೆ. ಕೆಲಸ ಇಷ್ಟು ತಾಳ ತಪ್ಪದೆ ನಡೆಸುವ ಗಡಿಯಾರ ಜೀವಕೋಶದ ಒಳಗೇ ಇದೆ ಎಂದು 1997ರಲ್ಲಿ ಕೋಳಿ ಭ್ರೂಣದಲ್ಲೇ ತೋರಿಸಿದರು. ಬೆನ್ನಿನ ಮಣಿಗಳೆಲ್ಲ ಈ ತುಣುಕುಗಳಿಂದ ಬರುತ್ತವೆ. ಐವತ್ತು ಜೊತೆ ದಾಟಿದ ಸ್ವಲ್ಪ ಹೊತ್ತಿಗೆ, ಅಂದರೆ ನಾಲ್ಕೈದು ದಿನದಲ್ಲಿ, ಕೆಲಸ ನಿಲ್ಲುತ್ತದೆ. ಬೆಳವಣಿಗೆಗೆ ತಳ್ಳುವ ರಾಸಾಯನಿಕ ಸೂಚನೆಗಳು ಬಾಲದ ತುದಿಯಲ್ಲಿ ಕಡಿಮೆಯಾಗುತ್ತವೆ. ವಿಟಮಿನ್ ಎ ಇಂದ ತಯಾರಾಗುವ ರೆಟಿನಾಯಿಕ್ ಆಮ್ಲ ಅಲ್ಲಿ ಹೆಚ್ಚುತ್ತದೆ. ತುದಿಯ ಕೆಲವು ತುಣುಕುಗಳ ಕೋಶಗಳು ತಾವಾಗಿಯೇ ಸಾಯುತ್ತವೆ. ಉದ್ದ ಬಾಲ ಗಿಡ್ಡ ಆಗಬೇಕಾದರೆ ಹೊಸ ಅಂಗ ಏನೂ ಹುಟ್ಟಬೇಕಿಲ್ಲ. ಈ ಕೆಲಸ ಸ್ವಲ್ಪ ಬೇಗ ನಿಂತರೆ ಆಯಿತು. ಇಲಿಗಳಲ್ಲಿ ಬಾಲ ಗಿಡ್ಡ ಮಾಡುವ ಹಲವು ಜೀನ್ ಬದಲಾವಣೆಗಳು ಮಣಿಗಳನ್ನು ಒಂದಕ್ಕೊಂದು ಬೆಸೆಯುವುದೂ ಉಂಟು. ಹಾಗಾಗಿ ಗಿಡ್ಡ ಆಗುವುದು, ಬೆಸೆಯುವುದು ಎರಡೂ ಒಟ್ಟಿಗೇ ಬಂದಿರಬಹುದು ಎಂಬ ವಾದ ನನಗೆ ಒಪ್ಪಿಗೆಯಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬರುತ್ತದೆ. 'ಮೊಟ್ಟೆಯೊಳಗೆ ಕೋಳಿಮರಿ ಮೊದಲು ಮೀನಾಗಿ, ಆಮೇಲೆ ಡೈನೋಸಾರ್ ಆಗಿ, ಕೊನೆಗೆ ಕೋಳಿಯಾಗುತ್ತದೆ' ಎಂಬ ವಿಡಿಯೋಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಜರ್ಮನಿಯ ಜೀವವಿಜ್ಞಾನಿ ಹೆಕೆಲ್ 19ನೇ ಶತಮಾನದಲ್ಲಿ ಹೇಳಿದ ಇಂಥ ಮಾತನ್ನು ವಿಜ್ಞಾನ ಯಾವಾಗಲೋ ಕೈಬಿಟ್ಟಿದೆ. ಭ್ರೂಣಕ್ಕೆ ಬಾಲ ಇರುವುದು ನಿಜ. ಅದು ಭ್ರೂಣದ ಬಾಲ, ಡೈನೋಸಾರ್‌ನದ್ದಲ್ಲ. ಹಳೆಯ ಪ್ರಾಣಿಗಳು ಮೊಟ್ಟೆಯೊಳಗೆ ಮರಳಿ ಬರುವುದಿಲ್ಲ. ಹಳೆಯ ಬೆಳವಣಿಗೆಯ ದಾರಿಯೇ ಅಲ್ಲಲ್ಲಿ ಬದಲಾಗಿ ಮುಂದುವರಿದಿದೆ. ಮಕ್ಕಳಿಗೆ ಈ ವ್ಯತ್ಯಾಸ ಖಂಡಿತ ಅರ್ಥವಾಗುತ್ತದೆ. ಅವರಿಗೆ ಸುಲಭದ ಸುಳ್ಳು ಕೊಡಬೇಡಿ.

ಕೋಳಿಮರಿ 21 ದಿನಕ್ಕೆ ಹೊರಬಂದರೂ ಬಾಲದ ಮಣಿಗಳು ಆಗ ಬೆಸೆದಿರುವುದಿಲ್ಲ. ಅದು ಆಮೇಲೆ ವಾರಗಟ್ಟಲೆ ನಡೆಯುವ ಕೆಲಸ. ಇದು ಪಳೆಯುಳಿಕೆ ನೋಡುವವರಿಗೂ ಎಚ್ಚರಿಕೆ. ಬಿಡಿ ಮಣಿಗಳ ಬಾಲ ಕಂಡಕೂಡಲೇ 'ನಡುವಿನ ಕೊಂಡಿ ಸಿಕ್ಕಿತು' ಎನ್ನುವ ಹಾಗಿಲ್ಲ. ಅದು ಬೆಳೆದ ಮೇಲೆ ಮಣಿಗಳು ಬೆಸೆಯುವ ಹಕ್ಕಿಯ ಮರಿಯೂ ಆಗಿರಬಹುದು.

ಇಷ್ಟು ತಿಳಿದರೆ ತೋಟದ ಹಕ್ಕಿಗಳನ್ನು ನೋಡುವ ಕಣ್ಣೇ ಬೇರೆ. ಭೀಮರಾಜನ ಹಿಂದೆ ತೇಲುವ ಆ ಎರಡು ಚಕ್ರಗಳು ಬಾಲದ ಹೊರಗಿನ ಗರಿಗಳ ತುದಿ. ನವಿಲು ಕುಣಿಯುವಾಗ ಬಿಚ್ಚುವುದು ಬಾಲವೇ ಅಲ್ಲ, ಬಾಲದ ಮೇಲೆ ಹೊದ್ದ ಗರಿಗಳು. ನಿಜವಾದ ಬಾಲ ಹಿಂದೆ ಗಿಡ್ಡಕ್ಕೆ, ಕಂದು ಬಣ್ಣದಲ್ಲಿ ಆಧಾರ ಕೊಟ್ಟು ನಿಂತಿರುತ್ತದೆ. ನಮ್ಮ ಜಿಲ್ಲೆಯ ಹಕ್ಕಿ ಎಂದು ಘೋಷಿಸಿರುವ ಬಿಳಿಹೊಟ್ಟೆಯ ಕಡಲ ಹದ್ದಿನದ್ದು ಬೆಣೆಯಾಕಾರದ ಗಿಡ್ಡ ಬಾಲ. ರೂಪ ಇಷ್ಟು ಬಗೆ, ಒಳಗಿರುವುದು ಮಾತ್ರ ಅದೇ ಬೆಸೆದ ಮೂಳೆ.

ಅಧ್ಯಾಪಕ ಮಿತ್ರರಲ್ಲಿ ನನ್ನ ಕೇಳಿಕೆ ಇಷ್ಟೇ. ಈ ಪಾಠ ಬಂದಾಗ ಮೊಟ್ಟೆ ಒಡೆಯಬೇಡಿ. ಕಾವಿನ ನಾಲ್ಕನೇ ದಿನದ ಮೊಟ್ಟೆಯನ್ನು ಕತ್ತಲೆಯಲ್ಲಿ ಟಾರ್ಚಿನ ಮುಂದೆ ಹಿಡಿದು ರಕ್ತನಾಳಗಳನ್ನು ತೋರಿಸಿ, ಮತ್ತೆ ಹೇಂಟೆಯ ಅಡಿಗೆ ಇಡಿ. ಬೇಯಿಸಿ ತೊಳೆದ ಬಾಲದ ಮೂಳೆ ಒಂದನ್ನು ಮಕ್ಕಳ ಕೈಗೆ ಕೊಡಿ. ಮೂಳೆಗಳ ಹೆಸರು ಕನ್ನಡದಲ್ಲಿ ಬರೆದ ಒಂದು ಚಿತ್ರ ನಾನು ಮಾಡಿಟ್ಟಿದ್ದೇನೆ. ಬೇಕಾದವರು ಮೆಸೇಜ್ ಮಾಡಿ, ಕಳಿಸುತ್ತೇನೆ.