ಸುಳಿ ನೋಡದೆ ತಂದ ಮೊಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ನಮ್ಮ ಮನೆಯಲ್ಲಿ ಆ ವಾದ ಮೊಲ ಬರುವ ಮೊದಲೇ ಶುರುವಾಗಿತ್ತು. ಮಗಳಿಗೆ ಉದ್ದ ಕೂದಲಿನ ಅಂಗೋರಾ ಜಾತಿಯ ಮೊಲ ಬೇಕು. ಮೊಬೈಲಿನಲ್ಲಿ ತೋರಿಸಿದಳು, ಹಿಂಜಿದ ಹತ್ತಿಯ ಉಂಡೆಗೆ ಎರಡು ಕಣ್ಣು ಇಟ್ಟ ಹಾಗಿತ್ತು. ಮಗನಿಗೆ ಫ್ಲೆಮಿಶ್ ಜೈಂಟ್. ಆರೇಳು ಕಿಲೋ ತೂಗುವ ಜಾತಿ. ‘ಅದು ಸೋಫಾ ಮ್ಯಾಲ ಕೂತರ ನಾವೆಲ್ಲಿ ಕೂಡೂದು?’ ಅಂದಳು ಹೆಂಡತಿ.

ಅಪ್ಪ ಒಕ್ಕಲುತನದ ಮನುಷ್ಯ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಒಂದು ಜೋಡಿ ಎತ್ತಿಗಾಗಿ ಮೂರು ದಿನ ತಿರುಗಿದವರು. ಹಲ್ಲು, ಗೊರಸು, ಮೈಮೇಲಿನ ಕೂದಲಿನ ಸುಳಿ ಎಲ್ಲ ನೋಡಿ, ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾಡಿದವರು. ಅವರು ಕೇಳಿದ್ದು ಒಂದೇ ಮಾತು: ‘ನಮ್ಮ ಬಿಸಲಿಗಿ ತಾಳ್ತದೇನು ಅದು?’

ಅಲ್ಲಿಗೆ ಅಂಗೋರಾ ಕಥೆ ಮುಗಿಯಿತು. ಮೊಲ ನಮ್ಮ ಹಾಗೆ ಬೆವರುವುದಿಲ್ಲ. ಮೈಯ ಕಾವು ಹೆಚ್ಚಾಗಿ ಆ ಉದ್ದ ಕಿವಿಗಳಿಂದಲೇ ಹೊರಗೆ ಹೋಗಬೇಕು. 30 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ವಿಜಯಪುರದ ಏಪ್ರಿಲ್ ಅಂದರೆ 40. ಅದರ ಮೇಲೆ ಉಣ್ಣೆಯ ಕಂಬಳಿ ಬೇರೆ! ಆ ಕೂದಲನ್ನು ಬಿಡದೆ ಬಾಚಬೇಕು, ಇಲ್ಲದಿದ್ದರೆ ನೆಕ್ಕಿ ನುಂಗಿದ್ದು ಹೊಟ್ಟೆಯಲ್ಲಿ ಗಂಟಾಗುತ್ತದೆ. ತನ್ನ ಜಡೆಗೇ ಅವ್ವನನ್ನು ಕರೆಯುವ ಮಗಳು ಮೊಲಕ್ಕೆ ಬಾಚುತ್ತಾಳಾ? ಜೋತುಗಿವಿಯ ಹಾಲೆಂಡ್ ಲಾಪ್ ಮುದ್ದಾಗಿದೆ, ಆದರೆ ಆ ಕಿವಿಯೊಳಗೆ ಗಾಳಿಯಾಡುವುದಿಲ್ಲ, ಕೊಳೆ ಕಟ್ಟುತ್ತದೆ. ಬೇಡ.

ಕೊನೆಗೆ ಎಲ್ಲರೂ ಒಪ್ಪಿದ್ದು ನೆದರ್‌ಲ್ಯಾಂಡ್ ಡ್ವಾರ್ಫ್. ಗಿಡ್ಡ ಕೂದಲು, ಬೆಳೆದರೂ ಒಂದು ಕಿಲೋ ಆಸುಪಾಸು. ಮಾರುವವನ ಹತ್ತಿರ ಬೊಗಸೆಯಷ್ಟು ಬಿಳಿ ಮರಿಯೂ ಇತ್ತು. ‘ಡ್ವಾರ್ಫ್ ಅದರೀ ಸಾಹೇಬ್ರ, ಇನ್ನ ಭಾಳ ಬೆಳಿಯಂಗಿಲ್ಲ’ ಅಂದ. ಅಪ್ಪ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಮೇಲ್ದುಟಿ ಎತ್ತಿ ಹಲ್ಲು ನೋಡಿದರು. ಪಕ್ಕಾ ಎತ್ತಿನ ಹಾಗೆ. ಮಾರುವವ ನಕ್ಕ. ನನಗೂ ನಾಚಿಕೆಯಾಯಿತು.

ಅಪ್ಪ ಮಾಡಿದ್ದೇ ಸರಿ ಅಂತ ತಿಳಿದದ್ದು ಆಮೇಲೆ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಮೇಲಿನದು ಕೆಳಗಿನದಕ್ಕೆ ಕೂಡದಿದ್ದರೆ ಸೊಟ್ಟ ಬೆಳೆದು, ತಿನ್ನಲಾಗದೆ ಸೊರಗುತ್ತದೆ. ಚಪ್ಪಟೆ ಮುಖದ ಗಿಡ್ಡ ತಳಿಗಳಲ್ಲಿ ಈ ತೊಂದರೆ ಜಾಸ್ತಿ. ಹಲ್ಲು ಸವೆಯಲಿಕ್ಕೆ ದಿನವಿಡೀ ಒಣಹುಲ್ಲು ಜಗಿಯುತ್ತಿರಬೇಕು. ಗಜ್ಜರಿ ಎಲ್ಲ ಸುಮ್ನೆ ಬಾಯಿರುಚಿಗೆ. ನಮ್ಮದು ಹುಲ್ಲು ಮುಗಿಸಿ ಚಾರ್ಜರ್ ವೈರಿಗೂ ಬಾಯಿ ಹಾಕಿತು, ಅದು ಬೇರೆ ಮಾತು.

ಅಪ್ಪ ಸುಳಿ ಒಂದನ್ನು ನೋಡಿರಲಿಲ್ಲ. ಎಂಟು ತಿಂಗಳಿಗೆ ಡ್ವಾರ್ಫ್ ನಾಲ್ಕು ಕಿಲೋ ತೂಗಿತು. ದನದ ಡಾಕ್ಟರ್ ನೋಡಿ ‘ಇದು ನ್ಯೂಜಿಲೆಂಡ್ ವೈಟ್ ರೀ’ ಅಂದರು. ಹೆಸರು ನ್ಯೂಜಿಲೆಂಡ್, ತಳಿ ಬೆಳೆದದ್ದು ಅಮೆರಿಕದಲ್ಲಿ. ಮಾಂಸಕ್ಕೆ ಸಾಕುವ ಜಾತಿ. ಮಕ್ಕಳ ಮುಂದೆ ಆ ಕೊನೆಯ ಮಾತು ನಾನು ಎತ್ತಿಲ್ಲ.

‘ಎತ್ತ ಆಗಿದ್ರ ಲಾಭ ಆಗ್ತಿತ್ತು’ ಅಂದರು ಅಪ್ಪ.

ಈಗ ಮಧ್ಯಾಹ್ನ ಪಡಸಾಲೆಯ ಫರಸಿಯ ಮೇಲೆ, ಹಸಿ ಗೋಣಿಚೀಲದ ಪಕ್ಕ, ಕಾಲು ಚಾಚಿ ಬಿದ್ದುಕೊಂಡಿದೆ. ಅದು ಅಪ್ಪ ಊಟ ಮಾಡಿ ಅಡ್ಡಾಗುವ ಜಾಗ. ಅಪ್ಪ ಗೋಡೆಯ ಕಡೆಗೆ ಸರಿದು ಮಲಗಿದ್ದಾರೆ.