ಗಡ ಹತ್ತುವವರ ಬುತ್ತಿ

ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಶಾಲೆಯಲ್ಲೇ ಕಲಿತ ಸಂಗತಿ. ಆದರೆ ಉಪ್ಪಿಟ್ಟಿನಲ್ಲಿ ರವೆಗಿಂತ ನೀರೇ ಜಾಸ್ತಿ, ಅನ್ನದಲ್ಲಿ ಅಕ್ಕಿಗಿಂತ ನೀರೇ ಜಾಸ್ತಿ ಅನ್ನೋದು ಬೆನ್ನಿಗೆ ಚೀಲ ಏರಿಸಿಕೊಂಡು ಹರಿಶ್ಚಂದ್ರಗಡದ ದಾರಿಯ ತೋಲಾರ್ ಖಿಂಡ್ ಕಣಿವೆ ಹತ್ತುವಾಗಷ್ಟೇ ತಲೆಗೆ ಹೋಗುತ್ತದೆ. ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ತುಂಬಿಕೊಂಡು ಬರುವವರು ನಿಜವಾಗಿ ಹೊರುವುದು ಪುಣೆಯ ನಲ್ಲಿ ನೀರನ್ನು. ಅದೂ ಮಳೆಗಾಲದಲ್ಲಿ, ಸುತ್ತಲಿನ ಬಂಡೆಬಂಡೆಯಿಂದ ನೀರು ಸುರಿಯುತ್ತಿರುವಾಗ!

ಪುಣೆಯಲ್ಲಿ ಗಡ, ಅಂದರೆ ಬೆಟ್ಟದ ಕೋಟೆ, ಹತ್ತುವ ನಮ್ಮದೊಂದು ಸಣ್ಣ ಕನ್ನಡದ ಗುಂಪು. ಧಾರವಾಡದ ನಾನು, ಮೈಸೂರಿನ ಗೆಳೆಯ, ಬ್ಯಾಂಕಿನಿಂದ ನಿವೃತ್ತರಾದ ವಿಜಯಪುರದ ಕಾಕಾ, ಆಗಾಗ ಬಂದು ಆಗಾಗ ತಪ್ಪಿಸಿಕೊಳ್ಳುವ ಇನ್ನೊಂದಿಬ್ಬರು. ಸಿಂಹಗಡಕ್ಕೆ ಹೋದರೆ ಬುತ್ತಿಯ ಚಿಂತೆ ಇಲ್ಲ. ಮೇಲೆ ಪಿಠಲಾ ಭಾಕರಿ ಇದೆ, ಕುಡಿಕೆ ಮೊಸರಿದೆ, ಕಾಂದಾ ಭಜಿ ಇದೆ. ಹತ್ತುವಾಗ ಕರಗಿದ್ದಕ್ಕಿಂತ ಹೆಚ್ಚು ಮೈಗೆ ಹಚ್ಚಿಕೊಂಡು ಇಳಿಯಬಹುದು. ಕಷ್ಟ ಇರುವುದು ಹರಿಶ್ಚಂದ್ರಗಡದಂಥ ಕಡೆ, ರಾತ್ರಿ ಉಳಿಯುವಾಗ. 1424 ಮೀಟರ್ ಎತ್ತರ. ರಾತ್ರಿಯ ಊಟ, ಬೆಳಗಿನ ತಿಂಡಿ, ಮಧ್ಯೆ ಬಾಯಾಡಿಸಲು ಏನಾದರೂ, ಎಲ್ಲ ನಾವು ಬೆನ್ನ ಮೇಲೆಯೇ ಒಯ್ಯುವುದು.

ಚಾರಣದ ಸಾಮಾನು ಮಾರುವ ಅಂಗಡಿಗಳಲ್ಲಿ ಇದಕ್ಕೂ ಪೊಟ್ಟಣ ಸಿಗುತ್ತವೆ. ಒಣಗಿಸಿದ ಪಲಾವು, ಒಣಗಿಸಿದ ದಾಲ್. ಬಿಸಿನೀರು ಹಾಕಿದರೆ ಊಟ. ಹಗುರ ಹೌದು. ಆದರೆ ಬೆಲೆ ನೋಡಿದರೆ ಜೇಬು ಅದಕ್ಕಿಂತ ಹಗುರ. ಮೈಸೂರಿನ ಗೆಳೆಯ ಬೆಲೆಗೆ ಹೆದರಿ ಕಿರಾಣಿ ಅಂಗಡಿಯಿಂದ ಬೇರೆ ಥರದ ಪೊಟ್ಟಣ ತಂದ. ಬಿಸಿ ಮಾಡಿ ತಿನ್ನುವ ಪನೀರು, ರಾಜ್ಮಾ. ಅಗ್ಗವಾಗಿತ್ತು. ಆದರೆ ಒಂದೊಂದೂ ಕಾಲು ಕಿಲೋ ಮೇಲೆ! ಅದರಲ್ಲಿ ಗ್ರೇವಿ ಆಗಲೇ ಇದೆಯಲ್ಲ, ಅಂದರೆ ಮತ್ತೆ ನೀರೇ. ಗಾಳಿಯಾಡದಂತೆ ಮುಚ್ಚಿ, ಪೊಟ್ಟಣದ ಸಮೇತ ಜೋರು ಬಿಸಿಯಲ್ಲಿ ಕಾಯಿಸಿದ ಅಡುಗೆ ಅದು. ಕೆಡುವುದಿಲ್ಲ ಅಷ್ಟೇ, ಹಗುರ ಏನೂ ಆಗುವುದಿಲ್ಲ.

ಒಣಗಿಸಿದ್ದೇ ಬೇಕು ಅಂದರೆ ನಾವೇ ಒಣಗಿಸೋಣ ಅಂತ ಅವನೇ ತೀರ್ಮಾನಿಸಿದ. ಅನ್ನ ಮಾಡಿ, ಹಳೆಯ ಸೀರೆಯ ಮೇಲೆ ಹರವಿ, ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಇಟ್ಟ. ಚಾರಣಕ್ಕೆ ಮಳೆಗಾಲವೇ ಚಂದ, ಹಾಗಾಗಿ ಅನ್ನ ಒಣಗಿಸಿದ್ದೂ ಜುಲೈನಲ್ಲೇ. ಪಕ್ಕದ ಮನೆಯ ಮರಾಠಿ ಕಾಕು ಬಟ್ಟೆ ತೆಗೆಯಲು ಬಂದವರು ಒಮ್ಮೆ ಆಕಾಶ ನೋಡಿದರು, ಒಮ್ಮೆ ಸೀರೆ ನೋಡಿದರು. ‘ಪಾವಸಾಳ್ಯಾತ್ ವಾಳವಣ?’ ಅಂದರು. ಕುರಡಯಿ, ಪಾಪಡ ಎಲ್ಲ ಏಪ್ರಿಲ್‌ನಲ್ಲೇ ಮಾಡಿ ಡಬ್ಬಕ್ಕೆ ತುಂಬಿಡುವ ಹೆಣ್ಣುಮಗಳು ಅವರು. ಮಳೆಗಾಲದಲ್ಲಿ ಹಪ್ಪಳ ಸಂಡಿಗೆ ಹಾಕುವವರನ್ನು ಜೀವನದಲ್ಲಿ ಕಂಡಿರಲಿಲ್ಲ. ಅವರು ಕೆಳಗಿಳಿಯುವಷ್ಟರಲ್ಲಿ ಪಾರಿವಾಳಗಳು ಬಂದವು. ಪುಣೆಯ ಪಾರಿವಾಳಗಳಿಗೆ ನಾಚಿಕೆ ಅನ್ನುವುದೇ ಇಲ್ಲ. ಉಳಿದ ಅನ್ನವನ್ನು ಮಳೆ ಮತ್ತೆ ನೆನೆಸಿ ಕೊಟ್ಟಿತು.

ಇಷ್ಟೆಲ್ಲ ಪಾಡು ಯಾಕೆ? ನಮ್ಮ ಅಡುಗೆಮನೆಯಲ್ಲೇ ಎಲ್ಲ ಇದೆ, ಅಲ್ವಾ? ಅವಲಕ್ಕಿ ಅಂದರೆ ಒಮ್ಮೆ ಬೆಂದು, ಒಣಗಿ, ತಯಾರಾಗಿರುವ ಅಕ್ಕಿಯೇ. ತೆಳು ಅವಲಕ್ಕಿಗೆ ಒಲೆಯೇ ಬೇಡ. ಚಟ್ನಿ ಪುಡಿ, ಒಂದಿಷ್ಟು ಎಣ್ಣೆ, ಶೇಂಗಾ, ಆಯಿತು. ನೂರು ಗ್ರಾಂ ಅವಲಕ್ಕಿಗೆ ಸುಮಾರು 350 ಕ್ಯಾಲರಿ, ಅಷ್ಟೇ ಶೇಂಗಾಕ್ಕೆ 550ಕ್ಕೂ ಮೇಲೆ, ತುಪ್ಪಕ್ಕಾದರೆ 900ರ ಹತ್ತಿರ. ಭಾರದ ಲೆಕ್ಕದಲ್ಲಿ ತುಪ್ಪ, ಎಣ್ಣೆಯಷ್ಟು ಉಪಕಾರಿ ಇನ್ನೊಂದಿಲ್ಲ. ನಾನು ಅಡುಗೆ ತಕ್ಕಡಿ ಇಟ್ಟುಕೊಂಡು ಇದನ್ನೆಲ್ಲ ತೂಗುತ್ತಿದ್ದೆ. ನನ್ನಾಕೆ ಬಾಗಿಲಲ್ಲಿ ನಿಂತು ನೋಡಿದಳು. ‘ಹತ್ತು ಕಿಲೋ ಹೊಟ್ಟಿ ಹೊತಗೊಂಡು ಹೊಂಟೀರಿ, ನೂರು ಗ್ರಾಂ ತುಪ್ಪಕ್ಕ ತಕ್ಕಡಿ ಯಾಕ್ರೀ?’ ಅಂದಳು. ಇದಕ್ಕೆ ಉತ್ತರ ಯಾವ ಚಾರಣಿಗನ ಹತ್ತಿರವೂ ಇಲ್ಲ.

ಉಪ್ಪಿಟ್ಟಿನ ಪುಡಿ ಮಾತ್ರ ಅವಳದೇ ಕೈಚಳಕ. ಸಣ್ಣ ರವೆಯನ್ನು ಕೆಂಪಗೆ ಹುರಿಯಬೇಕು. ಬೇರೆ ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಇಂಗು, ಒಣಮೆಣಸಿನಕಾಯಿ. ಕರಿಬೇವು ಗರಿಗರಿ ಆಗುವವರೆಗೆ ಬಿಡಬೇಕು, ಹಸಿ ಉಳಿದರೆ ಪುಡಿ ಮುಗ್ಗುತ್ತದೆ. ಎರಡನ್ನೂ ಕಲಸಿ ಉಪ್ಪು, ಚಿಟಿಕೆ ಆಮ್‌ಚೂರ್ ಹಾಕಿ, ಆರಿದ ಮೇಲೆ ಕಟ್ಟಿಡುವುದು. ಗಡದ ಮೇಲೆ ಒಂದು ಲೋಟ ಪುಡಿಗೆ ಎರಡೂವರೆ ಲೋಟ ಕುದಿಯುವ ನೀರು ಸುರಿದು, ಮುಚ್ಚಿ, ಪಾತ್ರೆಗೆ ಟವೆಲ್ ಸುತ್ತಿಟ್ಟರೆ ಹತ್ತು ನಿಮಿಷಕ್ಕೆ ಉಪ್ಪಿಟ್ಟು. ಗ್ಯಾಸೂ ಉಳಿಯಿತು. ಪುಡಿಯ ಖರ್ಚು ಒಂದು ವಡಾಪಾವಿಗಿಂತ ಜಾಸ್ತಿ ಆಗುವುದಿಲ್ಲ. ಮೆಂತ್ಯದ ಹಿಟ್ಟೂ ಹಾಗೆಯೇ, ಒಂದು ಚಮಚೆ ತಂದರೆ ಬಿಸಿ ಅನ್ನಕ್ಕೆ ಬೇರೆ ಸಾರು ಬೇಡ. ಇಲ್ಲಿಯವರ ಮೇತಕೂಟ ಅದರ ಅಣ್ಣನೋ ತಮ್ಮನೋ ಇರಬೇಕು.

ಬೇಳೆಯ ಆಸೆ ಮಾತ್ರ ಬಿಡಬೇಕು. ಎತ್ತರ ಏರಿದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಮುನ್ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ. ಹರಿಶ್ಚಂದ್ರಗಡದ ಮೇಲೆ 95 ಡಿಗ್ರಿಯ ಆಸುಪಾಸಿನಲ್ಲೇ ಕುದಿ ಬರುತ್ತದೆ. ತೊಗರಿಬೇಳೆ ಅದಕ್ಕೆಲ್ಲ ಬೇಗ ಜಗ್ಗುವುದಿಲ್ಲ. ಮೈಸೂರಿನ ಗೆಳೆಯನಿಗೆ ತಿಳಿಸಾರು ಇಲ್ಲದೆ ರಾತ್ರಿ ನಿದ್ದೆ ಬರುವುದಿಲ್ಲವಂತೆ. ‘ಕುಕ್ಕರ್ ತರ್ಲಾ?’ ಅಂತ ಒಮ್ಮೆ ಗಂಭೀರವಾಗಿಯೇ ಕೇಳಿದ್ದ.

ಕಾಕಾ ಅವರದು ಖಡಕ್ ರೊಟ್ಟಿ. ಜೋಳದ ಖಡಕ್ ರೊಟ್ಟಿಯಲ್ಲಿ ನೀರಿನ ಪಸೆಯೇ ಇಲ್ಲ, ವಾರಗಟ್ಟಲೆ ಇರುತ್ತದೆ, ಗಾಳಿಯಷ್ಟು ಹಗುರ. ಚಾರಣಕ್ಕೆ ಇದಕ್ಕಿಂತ ಇನ್ನೇನು ಬೇಕು ಅಂತ ಎಲ್ಲರೂ ಒಪ್ಪಿದೆವು. ಚೀಲದಲ್ಲಿಟ್ಟರೆ ಮುರಿಯುತ್ತದೆ ಅಂತ ಅವರ ಹೆಂಡತಿ ಅದನ್ನು ದೊಡ್ಡ ಸ್ಟೀಲ್ ಡಬ್ಬದಲ್ಲಿ ಹಾಕಿಕೊಟ್ಟರು. ಡಬ್ಬ ರೊಟ್ಟಿಯ ನಾಲ್ಕು ಪಟ್ಟು ತೂಗುತ್ತಿತ್ತು. ಡಬ್ಬದಲ್ಲಿ ಜಾಗ ಉಳಿದಿದೆ ಅಂತ ಒಂದಿಷ್ಟು ಶೇಂಗಾ ಹೋಳಿಗೆ. ಹೋಳಿಗೆ ಇದ್ದ ಮೇಲೆ ತುಪ್ಪ ಬೇಡವೇ ಅಂತ ಒಂದು ಗಾಜಿನ ಬಾಟಲಿ. ಕಾಕಾ ಮೊದಲ ಏರಿನಲ್ಲೇ ಡಬ್ಬವನ್ನು ನನ್ನ ಚೀಲಕ್ಕೆ ದಾಟಿಸಿದರು. ‘ನೀನು ಹರೇದಾವ, ತಗೋ’ ಅಂದರು. ಅಷ್ಟಾಗಿಯೂ ಮೇಲೆ ಹೋಗಿ ಮುಚ್ಚಳ ತೆಗೆದರೆ ರೊಟ್ಟಿ ಪುಡಿ ಪುಡಿ.

ಮುಂದಿನ ಸಲ ಹೋಗುವಷ್ಟರಲ್ಲಿ ತೂಕ ಇಳಿಸುವ ಹುಚ್ಚು ಮೈಸೂರಿನ ಗೆಳೆಯನಿಗೂ ಹಿಡಿಯಿತು. ಎಲ್ಲರ ಡಬ್ಬಿ ಬಾಟಲಿಗಳನ್ನೂ ಕಾರಿನಲ್ಲೇ ಬಿಡಿಸಿ, ಒಳಗಿನದನ್ನೆಲ್ಲ ಒಂದೇ ಥರದ ಪ್ಲಾಸ್ಟಿಕ್ ಪೊಟ್ಟಣಗಳಿಗೆ ತುಂಬಿದ. ಹೆಸರು ಬರೆಯೋಣ ಅಂದರೆ, ‘ವಾಸನೆ ನೋಡಿದ್ರೆ ಗೊತ್ತಾಗಲ್ವಾ ಸಾರ್?’ ಅಂದ. ಅವನಿಗೆ ಅವತ್ತು ಜೋರು ನೆಗಡಿ.

ಗಡದ ಅಂಚಿನ ಕಡಿದಾದ ಬಂಡೆ ಕೊಂಕಣ ಕಡಾದ ಕಡೆಯಿಂದ ಗಾಳಿ ಹೊಡೆಯುತ್ತಿತ್ತು. ಎಲ್ಲರಿಗೂ ಚಳಿ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಅವನೇ ಚಹಾ ಇಟ್ಟ. ಒಲೆಯ ಸುತ್ತ ಚೀಲಗಳನ್ನು ಅಡ್ಡ ಇಟ್ಟು, ಮೂವರು ಕುಕ್ಕರಗಾಲಲ್ಲಿ ಕೂತು ಆ ಒಂದು ಪಾತ್ರೆಯನ್ನು ಕಾದೆವು. ಹಾಲಿನ ಪುಡಿ, ಸಕ್ಕರೆ ಸರಿಯಾಗೇ ಬಿದ್ದವು. ಬಣ್ಣವೂ ಚೆನ್ನಾಗೇ ಬಂತು, ಸ್ವಲ್ಪ ಜಾಸ್ತಿಯೇ ಕಪ್ಪು. ಕಾಕಾ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

‘ತಮ್ಮಾ, ನಿಮ್ಮ ಮೈಸೂರಾಗ ಚಹಾಕ್ಕ ಬಳ್ಳೊಳ್ಳಿ ಹಾಕ್ತೀರೇನು?’

ಅದು ನಮ್ಮ ಮನೆಯ ಗುರೆಳ್ಳು ಚಟ್ನಿ ಪುಡಿ. ಖಾರ, ಉಪ್ಪು, ಬೆಳ್ಳುಳ್ಳಿ ಎಲ್ಲ ಹದವಾಗಿತ್ತು, ಮೇಲೆ ಸಕ್ಕರೆ ಬೇರೆ. ಗೆಳೆಯ ‘ಅಯ್ಯಯ್ಯೋ’ ಅನ್ನುತ್ತ ಪಾತ್ರೆ ಚೆಲ್ಲಲು ಎದ್ದ. ಕಾಕಾ ತಡೆದರು. ಬಿಸಿ ಇರುವುದನ್ನು ಚೆಲ್ಲಬಾರದು ಅನ್ನುವುದು ಅವರ ವಾದ. ತಮ್ಮ ರೊಟ್ಟಿ ಪುಡಿಯನ್ನು ಅದರಲ್ಲೇ ಕಲಸಿ ತಿಂದೇಬಿಟ್ಟರು. ಚಲೋ ಅದ ಅಂತ ನಮಗೂ ಒತ್ತಾಯ ಮಾಡಿದರು. ನಿಜ ಹೇಳಬೇಕೆಂದರೆ ಅಷ್ಟೇನೂ ಕೆಟ್ಟದಾಗಿರಲಿಲ್ಲ, ಕಣ್ಣು ಮುಚ್ಚಿ ತಿಂದರೆ.

ಅಷ್ಟರಲ್ಲಿ ನನಗೊಂದು ಅನುಮಾನ ಬಂತು. ಸಂಜೆ ಟೆಂಟ್ ಹಾಕುವಾಗಲೇ ಗೆಳೆಯ ರಾತ್ರಿಯ ಊಟಕ್ಕೆ ಅಂತ ಅವಲಕ್ಕಿ ಕಲಸಿ ಮುಚ್ಚಿಟ್ಟಿದ್ದ. ಚಟ್ನಿ ಪುಡಿ ಧಾರಾಳವಾಗಿ ಹಾಕಿದ್ದೇನೆ ಅಂತ ಹೇಳಿಯೂ ಇದ್ದ. ಚಟ್ನಿ ಪುಡಿ ಚಹಾಕ್ಕೆ ಹೋಗಿದ್ದರೆ, ಅವಲಕ್ಕಿಗೆ ಹೋಗಿದ್ದು ಯಾವುದು?

ಮೂವರೂ ಟಾರ್ಚ್ ಹಿಡಿದು ಆ ಪಾತ್ರೆಯ ಮುಚ್ಚಳ ತೆಗೆದೆವು.

ಈಗ ಗೆಳೆಯ ಒಲೆ ಹಚ್ಚುವ ಮೊದಲು ಪ್ರತಿ ಪೊಟ್ಟಣದಿಂದಲೂ ಚಿಟಿಕೆ ತೆಗೆದು ರುಚಿ ನೋಡುತ್ತಾನೆ. ಹೆಸರು ಬರೆದಿದ್ದರೂ ನಂಬುವುದಿಲ್ಲ. ಹಾಲಿನ ಪುಡಿಯನ್ನು ಮಾತ್ರ ನಾಲ್ಕೈದು ಸಲ ನೋಡಬೇಕಾಗುತ್ತದಂತೆ. ಹಾಗಾಗಿ ನಮ್ಮ ಚಹಾ ಅರ್ಧಕ್ಕರ್ಧ ಸಲ ಕಪ್ಪಗೇ ಇರುತ್ತದೆ.