ಫ್ರಿಜ್ಜಿನೊಳಗಿನ ವೈರಮುಡಿ

ನಾನು ಮೊದಲು ಕೆಲಸಕ್ಕೆ ಸೇರಿದ ಟೆಸ್ಟಿಂಗ್ ಲ್ಯಾಬಿನಲ್ಲಿ ಎರಡು ಫ್ರಿಜ್ಜುಗಳಿದ್ದವು. ಒಂದರಲ್ಲಿ ನಮ್ಮ ಮೊಸರನ್ನದ ಡಬ್ಬಿಗಳು. ಇನ್ನೊಂದಕ್ಕೆ ಬೀಗ. ಬೀಗದ ಕೈ ಕ್ವಾಲಿಟಿ ಮ್ಯಾನೇಜರ್ ಮೇಡಂ ಹತ್ತಿರ, ಹಿಂದಿನ ಕಾಲದ ಅತ್ತೆಯರು ಉಗ್ರಾಣದ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರಲ್ಲ, ಹಾಗೆ. ಆ ಫ್ರಿಜ್ಜಿನಲ್ಲಿ ಇದ್ದದ್ದು ಹೆಬ್ಬೆರಳುದ್ದದ ಒಂದು ಬಾಟ್ಲಿ. ಬಾಟ್ಲಿಯಲ್ಲಿ ಅಕ್ಕಿ ಹಿಟ್ಟು.

ರೊಟ್ಟಿ ತಟ್ಟುವ ಹಿಟ್ಟಲ್ಲ, ವಿಮಾನದಲ್ಲಿ ಬಂದ ಹಿಟ್ಟು. ಬೆಲೆ ನನ್ನ ಎರಡು ತಿಂಗಳ ಸಂಬಳ. ಲ್ಯಾಬಿನವರ ಬಾಯಲ್ಲಿ ಇದು ಸಿಆರ್‌ಎಂ, ಪುಸ್ತಕದ ಕನ್ನಡದಲ್ಲಿ 'ಪ್ರಮಾಣೀಕೃತ ಉಲ್ಲೇಖ ವಸ್ತು', ಅಂದರೆ ಒಳಗೆ ಏನು ಎಷ್ಟಿದೆ ಎಂದು ಮೊದಲೇ ಅಳೆದು ಬರೆದುಕೊಟ್ಟ ವಸ್ತು. ಜೊತೆಗೆ ಬಂದ ಪತ್ರದಲ್ಲಿ ಸಾಧಾರಣ ಕೋಣೆಯ ಉಷ್ಣಾಂಶದಲ್ಲಿ ಇಟ್ಟರೆ ಸಾಕು ಎಂದೇ ಬರೆದಿತ್ತು. ಆದರೆ ಅಷ್ಟು ದುಡ್ಡು ಸುರಿದು ತಂದ ಹಿಟ್ಟನ್ನು ಹೊರಗಿಡಲು ಯಾರಿಗೆ ಎದೆ ಬರುತ್ತದೆ?

ಅದರ ದರ್ಶನ ವರ್ಷಕ್ಕೊಮ್ಮೆ, ಆಡಿಟ್ ದಿನ. ಮಂಡ್ಯದ ಖಜಾನೆಯಿಂದ ವೈರಮುಡಿ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಹೊರಡುವ ಹಾಗೆ ನಮ್ಮ ಬಾಟ್ಲಿಯೂ ಮೇಡಂ ಮುಂದೆ, ಇಬ್ಬರು ಜೂನಿಯರ್‌ಗಳು ಹಿಂದೆ, ಮೆರವಣಿಗೆಯಲ್ಲಿ ಹೊರಬರುತ್ತಿತ್ತು. ಆಡಿಟರ್ ಸಾಹೇಬರು ಲೇಬಲ್ ನೋಡುವರು, ಪತ್ರ ನೋಡುವರು, ತಲೆದೂಗುವರು. ಬಾಟ್ಲಿ ಮತ್ತೆ ಗರ್ಭಗುಡಿಗೆ. ಸೀಲು ಮಾತ್ರ ಹಾಗೇ ಇರುತ್ತಿತ್ತು. ಮದುವೆಯಲ್ಲಿ ಬಂದ ಪಿಂಗಾಣಿ ಸೆಟ್ಟನ್ನು ಷೋಕೇಸಿನಲ್ಲಿಟ್ಟು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುವ ಮನೆತನ ನಮ್ಮದು.

ಒಂದು ಚಮಚ ಹಿಟ್ಟಿಗೆ ಇಷ್ಟು ವೈಭವ ಯಾಕೆಂದು ಕೇಳಿದವರಿಗೆ ನಾನು ಅಕ್ಕಸಾಲಿಗರ ಅಂಗಡಿ ತೋರಿಸುತ್ತೇನೆ. ಅಜ್ಜಿಯ ಸರವನ್ನು ಒರೆಗಲ್ಲಿನ ಮೇಲೆ ಉಜ್ಜಿ ಒಂದು ಗೆರೆ ಎಳೆಯುತ್ತಾರೆ. ಅದರ ಪಕ್ಕದಲ್ಲೇ, ಎಷ್ಟು ಶುದ್ಧವೆಂದು ಮೊದಲೇ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ. ಎರಡನ್ನೂ ಕಣ್ಣಿಗೆ ಹಿಡಿದು ತೀರ್ಪು. ನಾವೆಲ್ಲ ಒರೆಗಲ್ಲನ್ನೇ ಹಾಡಿ ಹೊಗಳಿದ್ದೇವೆ. ಪಾಪ, ಆ ಕಲ್ಲಿಗೆ ಏನೂ ಗೊತ್ತಿಲ್ಲ. ಗೊತ್ತಿರುವುದು ಕಡ್ಡಿಗೆ. (ಈ ಕಲ್ಲಿನ ಮೇಲೆ ನಡೆಯುವ ಕೈಚಳಕಗಳನ್ನು ಅರ್ಥಶಾಸ್ತ್ರವೇ ಎಚ್ಚರಿಸಿ ಹೇಳಿದೆ. ಅಂದರೆ ನಮ್ಮ ಮೋಸಕ್ಕೂ ಭವ್ಯ ಪರಂಪರೆ ಇದೆ.)

ಲ್ಯಾಬಿನ ಮಷಿನ್ನೂ ಅಂಥದೇ ಕಲ್ಲು, ಕೋಟಿ ರೂಪಾಯಿಯ ಕಲ್ಲು. ಸೀಸ ಎಷ್ಟಿದೆ ಎಂದು ಕೇಳಿದರೆ ಯಾವುದಾದರೂ ಒಂದು ಸಂಖ್ಯೆ ಹೇಳುತ್ತದೆ, ಜ್ಯೋತಿಷಿಯ ಹಾಗೆ, ಸಂಕೋಚವಿಲ್ಲದೆ. ಆ ಸಂಖ್ಯೆ ನಿಜವೋ ಎಂದು ತಿಳಿಯಬೇಕಾದರೆ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಬೇಕು. ಅದೂ ಒಂದೇ ಜಾತಿಯ ಪ್ರಶ್ನೆ. ನೀರಲ್ಲಿ ಕರಗಿಸಿಟ್ಟ ಸೀಸವನ್ನು ಅಳೆಯುವುದು ಸುಲಭ. ಅಕ್ಕಿಯೊಳಗೆ ಅಡಗಿ ಕೂತ ಸೀಸವನ್ನು ಆಸಿಡ್ಡಿನಲ್ಲಿ ಬೇಯಿಸಿ ಹೊರಗೆಳೆಯುವಾಗ ಒಂದಿಷ್ಟು ದಾರಿಯಲ್ಲೇ ಕಳೆದುಹೋಗಬಹುದು, ಪಾತ್ರೆಯಿಂದ ಹೊಸದಾಗಿ ಒಂದಿಷ್ಟು ಬಂದು ಸೇರಲೂಬಹುದು. ಅದಕ್ಕೇ ಅಕ್ಕಿಗೆ ಅಕ್ಕಿ, ಮೀನಿಗೆ ಮೀನು, ಈಲಿಗೆ ಈಲಿ.

ಇಂಥ ವಸ್ತುಗಳ ದೊಡ್ಡ ದಿನಸಿ ಅಂಗಡಿ ಇರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಹೆಸರು ನಿಸ್ಟ್, ಅಲ್ಲಿನ ಸರ್ಕಾರದ್ದೇ ಅಳತೆ-ಮಾನಕಗಳ ಸಂಸ್ಥೆ. ಅವರ ಪಟ್ಟಿಯ 2387ನೇ ನಂಬರು ಪೀನಟ್ ಬಟರ್. ತಲಾ 170 ಗ್ರಾಮಿನ ಮೂರು ಜಾಡಿಗೆ ಸಾವಿರ ಡಾಲರ್‌ಗೂ ಮೇಲೆ. ಅಷ್ಟು ದುಡ್ಡು ಹಿಡಿದು ಬಸವನಗುಡಿಯ ಪರಿಷೆಗೆ ಹೋದರೆ ಮೂಟೆಗಟ್ಟಲೆ ಕಡಲೆಕಾಯಿ ತರಬಹುದು, ದೊಡ್ಡ ಗಣಪತಿಗೆ ಹಣ್ಣುಕಾಯಿಯನ್ನೂ ಮಾಡಿಸಬಹುದು. ದನದ ಈಲಿ ಇದೆ, ನಂಬರ್ 1577. ಸುಪೀರಿಯರ್ ಸರೋವರದ ಮೀನು ಇದೆ. ಚರಂಡಿಯ ರಾಡಿ ಇದೆ. 1970ರ ದಶಕದಲ್ಲಿ ವಾಷಿಂಗ್ಟನ್ ಸುತ್ತಮುತ್ತ ವರ್ಷವಿಡೀ ಗಾಳಿಯಿಂದ ಸೋಸಿ ಕೂಡಿಟ್ಟ ನಗರದ ಧೂಳನ್ನು ಗ್ರಾಮಿನ ಲೆಕ್ಕದಲ್ಲಿ ಮಾರಿದ್ದಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಂತವನಿಗೆ ಈ ವ್ಯಾಪಾರ ಕೇಳಿ ಹೊಟ್ಟೆ ಉರಿಯದೆ ಇರುತ್ತದೆಯೇ?

2025ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮನುಷ್ಯರ ಮಲವನ್ನೇ ಎಂಟು ಟ್ಯೂಬಿಗೆ ತುಂಬಿ, ಹೆಪ್ಪುಗಟ್ಟಿಸಿ ಮಾರಾಟಕ್ಕಿಟ್ಟರು, ಕರುಳಿನ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡುವವರಿಗೆ. ಕೊಟ್ಟವರಲ್ಲಿ ಎರಡು ಪಂಗಡ: ಸಸ್ಯಾಹಾರಿಗಳು ಬೇರೆ, ಎಲ್ಲ ತಿನ್ನುವವರು ಬೇರೆ. ಓದಿದಾಗ ನನಗೆ ತವರಿನ ನೆನಪಾಯಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ವಿಂಗಡಣೆ ಹೊಸದಲ್ಲ; ಇಷ್ಟು ಆಳಕ್ಕೆ ಇಳಿದದ್ದು ಮಾತ್ರ ಹೊಸದು.

ನಗುವುದು ಸುಲಭ. ಆದರೆ ಬೆಲೆ ಇರುವುದು ಕಡಲೆಕಾಯಿಗಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವಲ್ಲ, ಆ ಗಾದೆಯನ್ನು ನಿಜ ಮಾಡಿ ತೋರಿಸುವುದಕ್ಕೆ ಕೊಡುವ ಕೂಲಿ ಅದು. ಮೊದಲ ಜಾಡಿಯ ತಳದ ಚಮಚವೂ ಕೊನೆಯ ಜಾಡಿಯ ಮೇಲಿನ ಚಮಚವೂ ಒಂದೇ ಎಂದು ಖಾತ್ರಿಯಾಗಬೇಕು. ವರ್ಷಗಟ್ಟಲೆ ಕೆಡುವುದಿಲ್ಲವೆಂದು ತೋರಿಸಬೇಕು. ಒಂದಕ್ಕೊಂದು ಸಂಬಂಧವಿಲ್ಲದ ವಿಧಾನಗಳಲ್ಲಿ ಅಳೆದು, ಎಲ್ಲವೂ ಒಂದೇ ಮಾತು ಹೇಳುತ್ತವೆಯೇ ನೋಡಬೇಕು. ನಮ್ಮಲ್ಲಿ ಒಂದೇ ಹಾಸ್ಟೆಲಿನ ಒಂದೇ ಹಂಡೆಯ ಸಾಂಬಾರಿನಲ್ಲಿ ವಾರ್ಡನ್ ತಟ್ಟೆಗೆ ತರಕಾರಿಯೂ ಹುಡುಗರ ತಟ್ಟೆಗೆ ನೀರೂ ಬೀಳುವುದನ್ನು ಕಂಡವರಿಗೆ ಇದರ ಕಷ್ಟ ಅರ್ಥವಾದೀತು.

ನನ್ನನ್ನು ಬೆರಗಾಗಿಸಿದ್ದು ಮಾತ್ರ ಬೆಲೆಯಲ್ಲ, ಆ ಪತ್ರ. ಅದರಲ್ಲಿ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಒಂದು ± ಚಿಹ್ನೆ. ಅಂದರೆ, 'ನಮ್ಮ ಲೆಕ್ಕದಲ್ಲಿ ಇಷ್ಟು. ಈ ಕಡೆ ಇಷ್ಟು ಆ ಕಡೆ ಇಷ್ಟು ತಪ್ಪಿರಬಹುದು. ನೂರಕ್ಕೆ 95 ಪಾಲು ಇದರೊಳಗೇ ಇರುತ್ತದೆಂಬ ಭರವಸೆ.' ಜಗತ್ತಿನಲ್ಲೇ ಅತಿ ನಿಖರವಾಗಿ ಅಳೆಯುವವರು ತಮ್ಮ ಅನುಮಾನವನ್ನು ಸಹಿ ಹಾಕಿ ಕೊಡುತ್ತಾರೆ. ನಮ್ಮ ದೇಶದ ಅಪರಂಜಿಯೂ ಇದಕ್ಕೆ ಹೊರತಲ್ಲ. ಮುಂಬೈನ ಸರ್ಕಾರಿ ಟಂಕಸಾಲೆ, ಹೈದರಾಬಾದಿನಲ್ಲಿರುವ ಬಾರ್ಕ್‌ನ (ಭಾಭಾ ಅಣು ಸಂಶೋಧನಾ ಕೇಂದ್ರ) ವಿಶ್ಲೇಷಣಾ ಕೇಂದ್ರ ಮತ್ತು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೇರಿ ಮಾಡಿದ 'ಭಾರತೀಯ ನಿರ್ದೇಶಕ ದ್ರವ್ಯ' 4201 ಎಂಬ ಚಿನ್ನವಿದೆ. ಅದು ಕೂಡ 99.99 ಎಂದು ನಿಲ್ಲಿಸುತ್ತದೆ, ನೂರು ಎನ್ನುವುದಿಲ್ಲ.

ಈಗ ನಿಮ್ಮ ಮನೆಯ ಪ್ಲಾಸ್ಟಿಕ್ ಫೋಲ್ಡರ್ ತೆಗೆಯಿರಿ. ಅದರಲ್ಲಿರುವ ಯಾವ ಸರ್ಟಿಫಿಕೇಟಿನಲ್ಲಾದರೂ ± ಕಂಡರೆ ನನಗೆ ತಿಳಿಸಿ. ಆದಾಯ ಪ್ರಮಾಣಪತ್ರದಲ್ಲಿ ವರ್ಷದ ವರಮಾನ ಹನ್ನೊಂದು ಸಾವಿರ ರೂಪಾಯಿ, ಹೊರಗೆ ನಿಂತ ಕಾರಿನ ಟೈರಿಗೂ ಸಾಲದು. ಅನಿಶ್ಚಿತತೆ ಸೊನ್ನೆ, ಮೊಹರು ದುಂಡಗೆ. ಅದಕ್ಕೆ ಐದು ವರ್ಷ ಆಯುಸ್ಸು. ಐದು ವರ್ಷ ಒಂದೇ ಆದಾಯದಲ್ಲಿ ಅಲುಗಾಡದೆ ನಿಲ್ಲುವ ಕರ್ನಾಟಕದ ಪ್ರಜೆಯಷ್ಟು ಸ್ಥಿರವಾದ ದ್ರವ್ಯ ಮೇರಿಲ್ಯಾಂಡಿನಲ್ಲೂ ಸಿಗಲಿಕ್ಕಿಲ್ಲ. ಜಾತಿ ಪ್ರಮಾಣಪತ್ರಗಳಲ್ಲಿ ಕೆಲವಕ್ಕಂತೂ ಆಜೀವ ವ್ಯಾಲಿಡಿಟಿ. ಬಿಸಿಲು, ಮಳೆ, ಸಂವಿಧಾನ ಯಾವುದಕ್ಕೂ ಅವು ಕೆಡುವುದಿಲ್ಲ.

± ಇಲ್ಲದ ಸಂಖ್ಯೆ ದೇಶವನ್ನು ಹೇಗೆ ಕುಣಿಸುತ್ತದೆ ಎಂಬುದನ್ನು 2015ರಲ್ಲಿ ಮ್ಯಾಗಿ ತೋರಿಸಿಕೊಟ್ಟಿತು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಎತ್ತಿದ ಪ್ಯಾಕೆಟ್ಟು ಕೊಲ್ಕತ್ತದ ಕೇಂದ್ರ ಲ್ಯಾಬಿಗೆ ಹೋಗಿ 17.2 ಪಿಪಿಎಂ (ಹತ್ತು ಲಕ್ಷದಲ್ಲಿ 17.2 ಪಾಲು) ಸೀಸ ಎಂಬ ವರದಿ ಹೊತ್ತು ಬಂತು. ಮಿತಿ ಇದ್ದದ್ದು 2.5. ಟಿವಿಯಲ್ಲಿ ಆ 17.2 ಕೆಂಪು ಅಕ್ಷರದಲ್ಲಿ ಮಿನುಗಿತು. ಕಂಪನಿಯವರು ತಮ್ಮ ಪರೀಕ್ಷೆಗಳಲ್ಲಿ ಎಲ್ಲ ಮಿತಿಯೊಳಗೇ ಇದೆ ಎಂದರು. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಷೇಧದ ಆದೇಶ. ಸಾವಿರಾರು ಟನ್ ನೂಡಲ್ಸ್ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಹೋಯಿತು. ಎರಡು ನಿಮಿಷದಲ್ಲಿ ಬೇಯಬೇಕಾದದ್ದು ಸುಟ್ಟು ಮುಗಿಯಲು ತಿಂಗಳುಗಳೇ ಹಿಡಿದವು.

ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ಆ ಆದೇಶವನ್ನು ಎತ್ತಿ ಬಿಸಾಡಿತು. ಕಂಪನಿಯ ಮಾತನ್ನು ಸರಿಯಾಗಿ ಕೇಳಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಪರೀಕ್ಷೆ ಮಾಡಿದ ಲ್ಯಾಬುಗಳಿಗೆ ಬೇಕಾದ ಮಾನ್ಯತೆಯೇ ಇರಲಿಲ್ಲ. ಎಲ್ಲ ಸುಟ್ಟು ಬೂದಿ ಮಾಡುವ ಮುಂಚೆ ಅಳತೆಗೋಲನ್ನು ಅಳೆಯಬೇಕಿತ್ತಲ್ಲ ಎಂಬ ಪ್ರಶ್ನೆ ನ್ಯಾಯಾಧೀಶರ ಮುಂದೆ ಹೋಗಿ ನಿಂತಮೇಲೆಯೇ ನಮಗೆ ಹೊಳೆದದ್ದು. ಹೊಸ ಮಾದರಿಗಳು ಮೊಹಾಲಿ, ಹೈದರಾಬಾದ್, ಜೈಪುರ ಸುತ್ತಿ ಅಕ್ಟೋಬರ್ ಹೊತ್ತಿಗೆ ಪಾಸಾದವು. ಅಷ್ಟಕ್ಕೇ ಮುಗಿಯಿತೇ? ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನಮ್ಮ ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐಗೆ ಕಳಿಸಿ ಎಂದಿತು. ಆ ಸಂಸ್ಥೆ ಇರುವ ಚೆಲುವಾಂಬಾ ಅರಮನೆಯ ಮೆಟ್ಟಿಲನ್ನೂ ಹತ್ತಿದ ಆ ನೂಡಲ್ಸು ಕಾಶಿಯೊಂದನ್ನು ಬಿಟ್ಟು ಎಲ್ಲ ಕ್ಷೇತ್ರದರ್ಶನ ಮಾಡಿಕೊಂಡಿತು. ಅದರಲ್ಲಿ ಸೀಸ ಎಷ್ಟಿತ್ತು ಎಂದು ಇಂದಿಗೂ ಜನ ಹೋಟೆಲಿನಲ್ಲಿ ವಾದ ಮಾಡುತ್ತಾರೆ. ಆ ಆರು ತಿಂಗಳ ಟಿವಿ ಚರ್ಚೆಯಲ್ಲಿ 'ಅಳೆದ ದಿನ ಮಷಿನ್ನಿಗೆ ಗೊತ್ತಿರುವ ವಸ್ತು ಏನು ಕೊಟ್ಟಿದ್ದಿರಿ, ಅದು ಏನು ಓದಿತು?' ಎಂದು ಕೇಳಿದ ಒಬ್ಬನನ್ನೂ ನಾನು ನೋಡಲಿಲ್ಲ. ಕೇಳಿದ್ದರೆ ಆ್ಯಂಕರ್ ಬ್ರೇಕ್ ತೆಗೆದುಕೊಳ್ಳುತ್ತಿದ್ದ.

ನಮ್ಮ ಲ್ಯಾಬಿನ ಗಿರಾಕಿಗಳ ಕಡೆಗೆ ಬರೋಣ. ಅವರು ಬಹಳ ಸ್ಪಷ್ಟ. "ಸಾರ್, ಟೆಸ್ಟ್ ಏನ್ ಬೇಡ, ರಿಪೋರ್ಟ್ ಕೊಡಿ ಸಾಕು. ನಾಳೆ ಟೆಂಡರ್ ಐತೆ." ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳದ್ದು ಇನ್ನೊಂದು ಬಗೆ. ಬೋರ್‌ವೆಲ್ ನೀರು ತರುವೆನೆಂದು ಹೇಳಿ ಮಿನರಲ್ ವಾಟರ್ ಬಾಟ್ಲಿಯಲ್ಲಿ ತಂದಿರುತ್ತಾರೆ. ಬಾಟ್ಲಿ ಯಾವುದು, ನೀರು ಯಾವುದು ಎಂಬ ಪ್ರಶ್ನೆಯನ್ನು ನಾವು ಸೌಜನ್ಯದಿಂದ ಕೇಳುತ್ತಿರಲಿಲ್ಲ.

ಎಲ್ಲರ ಮನಸ್ಸಿಗೂ ತಂಪೆರೆಯುವ ಮಂತ್ರವೊಂದು ನಮ್ಮಲ್ಲಿತ್ತು: ಬಿಡಿಎಲ್. ಬಿಲೋ ಡಿಟೆಕ್ಷನ್ ಲಿಮಿಟ್. ಅಂದರೆ ನಮ್ಮ ಮಷಿನ್ನಿನ ಕಣ್ಣಿಗೆ ಕಾಣಿಸಲಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಮಿಗಿಂತ ಹೆಚ್ಚು ಸೀಸ ಇರಬಾರದು ಎನ್ನುತ್ತದೆ ಭಾರತೀಯ ಮಾನಕ ಐಎಸ್ 10500. ಅಷ್ಟು ಸಣ್ಣದು ಕಾಣದ ಹಳೇ ಮಷಿನ್ ಇಟ್ಟುಕೊಂಡರೆ ರಾಜ್ಯದ ಎಲ್ಲ ಕೆರೆಯೂ ಗಂಗಾಜಲ. ಕನ್ನಡಕ ತೆಗೆದಿಟ್ಟ ತಾತನಿಗೆ ಮನೆಯಲ್ಲಿ ಒಂದು ಜೇಡರಬಲೆಯೂ ಕಾಣದ ಹಾಗೆ. 'ಬಿಡಿಎಲ್' ಎಂದು ಓದಿದ ಕಾರ್ಯದರ್ಶಿಗಳು 'ಬಹಳ ಡೀಸೆಂಟಾದ ಲ್ಯಾಬು' ಎಂದು ಹೊಗಳಿ, ರಿಪೋರ್ಟಿಗೆ ಲ್ಯಾಮಿನೇಷನ್ ಮಾಡಿಸಿ, ಲಿಫ್ಟಿನ ಪಕ್ಕ ಅಂಟಿಸುತ್ತಿದ್ದರು.

ಆಯುಧಪೂಜೆಯ ದಿನದ ಸಡಗರ ಹೇಳದಿದ್ದರೆ ತಪ್ಪಾಗುತ್ತದೆ. ನೂರು ಕೋಟಿಯಲ್ಲಿ ಒಂದು ಪಾಲು ಸೀಸವನ್ನೂ ಪತ್ತೆ ಮಾಡುತ್ತದೆ ಎಂದು ಬ್ರೋಷರಿನಲ್ಲಿದ್ದ ಹೊಸ ಮಷಿನ್ನಿಗೆ ಚೆಂಡುಹೂವಿನ ಹಾರ, ವಿಭೂತಿಯ ಮೂರು ಗೆರೆ, ನಡುವೆ ಢಾಳಾಗಿ ಕುಂಕುಮ. ಸಂತೆಯ ಕೆಲವು ಕುಂಕುಮದಲ್ಲಿ ಸೀಸದ ಬಣ್ಣ ಬೆರೆಸಿರುತ್ತಾರೆ ಎಂದು ನಾನು ಒಮ್ಮೆ ಬಾಯಿಬಿಟ್ಟೆ. ಓನರ್ ನನ್ನನ್ನು ನಾಸ್ತಿಕನ ಪಟ್ಟಿಗೆ ಸೇರಿಸಿದರು. ಕುಂಬಳಕಾಯಿ ಒಡೆದರು. ಅದರ ಒಂದು ಹೋಳು ಮಷಿನ್ನಿನ ಹಿಂದೆ ಬಿದ್ದು, ದೀಪಾವಳಿ ಹೊತ್ತಿಗೆ ವಾಸನೆ ಬಂದಮೇಲೆ ಸಿಕ್ಕಿತು. ಆ ವಾರಗಳಲ್ಲಿ ಹೊರಟ ರಿಪೋರ್ಟುಗಳೆಲ್ಲ ಪಾಸ್.

ಹೀಗೇ ನಡೆಯುತ್ತಿರಲು ಬಾಟ್ಲಿಯ ಅವಧಿ ಮುಗಿಯುವ ತಿಂಗಳು ಬಂತು. ಹೊಸ ಬಾಟ್ಲಿಗೆ ಆರ್ಡರ್ ಹೋಗಿತ್ತು. ಹಳೆಯದನ್ನು ಎಸೆಯಲು ಮೂರು ಫಾರಂ, ಎರಡು ಸಹಿ. ಆಗ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, ದಾವಣಗೆರೆ ಕಡೆಯವಳು, ಎಂಎಸ್ಸಿಯ ಬಿಸಿ ಇನ್ನೂ ಆರಿರಲಿಲ್ಲ. ಮೇಡಂ ಹತ್ತಿರ ಹೋಗಿ, "ಹೆಂಗೂ ಬಿಸಾಕದೇ ಐತಲ್ರೀ ಮೇಡಂ, ಒಮ್ಮೆ ಓಡಿಸಿ ನೋಡ್ಲಾ?" ಎಂದು ಕೇಳಿದಳು. ಅಂಥ ಕೋರಿಕೆಯನ್ನು ಆ ಲ್ಯಾಬು ಕೇಳಿರಲೇ ಇಲ್ಲವಾದ್ದರಿಂದ ಬೇಡ ಎನ್ನಲು ಫಾರಂ ಇರಲಿಲ್ಲ.

ಸೀಲು ಒಡೆಯುವಾಗ ನಾವು ಐದಾರು ಜನ ಸುತ್ತ ನಿಂತಿದ್ದೆವು. ಒಬ್ಬ ಫೋನಿನಲ್ಲಿ ವಿಡಿಯೊ ಮಾಡಿದ. ಹಿಟ್ಟು ಹಿಟ್ಟಿನ ಹಾಗೇ ಇತ್ತು. ಅವಳು ತೂಗಿದಳು, ಆಸಿಡ್ ಹಾಕಿ ಬೇಯಿಸಿದಳು, ಸೋಸಿದಳು, ಮಷಿನ್ನಿಗೆ ಕೊಟ್ಟಳು. ಮೂರು ಸಲ ಮಾಡಿದಳು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಉತ್ತರ: ಪತ್ರದಲ್ಲಿ ಬರೆದದ್ದಕ್ಕಿಂತ ಒಂದೂವರೆ ಪಟ್ಟು. ± ಎಷ್ಟೇ ಎಳೆದರೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ವರ್ಷವಿಡೀ ನಾವು ಇದೇ ಮಷಿನ್ನಿನಿಂದ ಅಕ್ಕಿ, ಬೇಳೆ, ಮಸಾಲೆಪುಡಿಗಳಿಗೆ ತೀರ್ಪು ಕೊಟ್ಟಿದ್ದೆವು. ಮಷಿನ್ನಿನ ಹಣೆಯ ಮೇಲೆ ಕುಂಕುಮ ಇನ್ನೂ ಮಾಸಿರಲಿಲ್ಲ.

ಮೇಡಂ ಬಂದು ಪ್ರಿಂಟೌಟ್ ನೋಡಿದರು, ಪತ್ರ ನೋಡಿದರು, ಮತ್ತೆ ಪ್ರಿಂಟೌಟ್ ನೋಡಿದರು. ಕೋಣೆಯಲ್ಲಿ ಎಸಿಯ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಆಮೇಲೆ ಬಾಟ್ಲಿಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು.

"ನಾನ್ ಆಗ್ಲೇ ಅಂದ್ಕೊಂಡೆ. ಹಿಟ್ಟೇ ಸರಿ ಇಲ್ಲ. ಸಪ್ಲೈಯರ್‌ಗೆ ಒಂದು ಕಂಪ್ಲೇಂಟ್ ಹಾಕಮ್ಮಾ, ಹೊಸದಾದ್ರೂ ಒಳ್ಳೇದು ಕಳ್ಸಲಿ."